ಉದ್ರಿ ಖಾತೆಯಿಂದ ಹಗೆತನಕ್ಕೆ



ಒಬ್ಬ ವ್ಯಾಪಾರಸ್ಥನ ಮೇಲಿನ ಸಿಟ್ಟು ಅವನ ಇಡೀ ಕುಲದ ಮೇಲಿನ ಹಗೆಯಾಗುವುದು ಹೇಗೆ? ನಮ್ಮ ಓದುಗರಲ್ಲಿ ಒಕ್ಕಲುತನದವರೂ ಇದ್ದಾರೆ, ಅಂಗಡಿಕಾರರೂ ಇದ್ದಾರೆ. ಇಬ್ಬರಿಗೂ ತಟ್ಟುವ ಪ್ರಶ್ನೆಯೆಂದು ಜರ್ಮನಿಯ ಹೆಸ್ಸೆನ್ ಸೀಮೆಯ ಹಳ್ಳಿಗಳ ಸಂಗತಿಯನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಅಲ್ಲಿನ ರೈತರದು ಸಣ್ಣ ಸಣ್ಣ ತುಂಡು ಹೊಲ. ದನದ ವ್ಯಾಪಾರ ಮಾಡುವವರು, ಉದ್ರಿ ಕೊಡುವವರು ಬಹುಪಾಲು ಯೆಹೂದಿಗಳು. ಶತಮಾನಗಳ ಕಾಲ ಅವರಿಗೆ ಭೂಮಿ ಹಿಡಿಯಲು, ಕಸುಬುದಾರರ ಸಂಘ ಸೇರಲು ಅವಕಾಶವಿರಲಿಲ್ಲ; ಉಳಿದದ್ದು ವ್ಯಾಪಾರ, ಲೇವಾದೇವಿ. 1870ರ ದಶಕದಿಂದ ಅಮೆರಿಕ, ರಷ್ಯಾಗಳ ಅಗ್ಗದ ಧಾನ್ಯ ಬಂದು ಪೇಟೆಯ ಧಾರಣೆ ಕುಸಿಯಿತು, ಸಾಲ ಏರಿತು. ಅಮೆರಿಕದ ಗೋಧಿ ಹಳ್ಳಿಯವನ ಕಣ್ಣಿಗೆ ಬೀಳುವುದಿಲ್ಲ. ಬಾಕಿ ಕೇಳಲು ಬಾಗಿಲಿಗೆ ಬಂದವನು ಬೀಳುತ್ತಾನೆ. ಅವರಲ್ಲಿ ಬಡ್ಡಿಗೆ ಬಡ್ಡಿ ಹಿಂಡುವವರು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಯಾವ ಕುಲದಲ್ಲಿ ಇಲ್ಲ?

ಈ ಸಂಕಟವನ್ನು ಹಗೆಯಾಗಿ ತಿರುಗಿಸಿದವನು ಆಟೋ ಬ್ಯೋಕೆಲ್. ಮಾರ್ಬುರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವನು, ಜನಪದ ಹಾಡು ಕೂಡಿಸುತ್ತಿದ್ದ ವಿದ್ಯಾವಂತ. (ಅಕ್ಷರ ಕಲಿತರೆ ದ್ವೇಷ ಅಳಿಯುತ್ತದೆ ಎನ್ನುವವರು ಇದನ್ನು ಗಮನಿಸಬೇಕು.) 1887ರಲ್ಲಿ ಸಂಸತ್ತಿಗೆ ಆರಿಸಿ ಬಂದ, 'ರೈತರ ರಾಜ' ಎಂದು ಹೆಸರಾದ. 1890ರಲ್ಲಿ ರೈತ ಸಂಘ ಕಟ್ಟಿದ. ಯೆಹೂದಿಗಳಿಗೆ ಪ್ರವೇಶವಿಲ್ಲದ ದನದ ಸಂತೆಗಳೂ ಆಗ ನಡೆದವು, ಆದರೆ ಬಹುಕಾಲ ಬಾಳಲಿಲ್ಲ. ಉದ್ರಿ ಕೊಡುವ, ನಾಲ್ಕೂರಿನ ಗಿರಾಕಿಗಳನ್ನು ಬಲ್ಲ ವ್ಯಾಪಾರಿಯ ಕೆಲಸ ಭಾಷಣದಿಂದ ಆಗುವುದಲ್ಲ. ಸಾಲಕ್ಕೆ ಖರೆ ಮದ್ದು ಅದೇ ದೇಶದಲ್ಲಿ ರೈಫೈಸನ್ 1860ರ ದಶಕದಲ್ಲಿ ಕಟ್ಟಿದ ಪತ್ತಿನ ಸಂಘಗಳಲ್ಲಿತ್ತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಹುಟ್ಟಿದ ನಮ್ಮ ಸೊಸಾಯಿಟಿಯೂ ಅದೇ ಬಳ್ಳಿಯ ಕಾಯಿ.

1903ರಲ್ಲಿ ಬ್ಯೋಕೆಲ್ ತನ್ನ ಸ್ಥಾನ ಕಳೆದುಕೊಂಡ. ಅವನು ಆಡಿಸಿದ ಮಾತು ಮಾತ್ರ ಹಳ್ಳಿಯಲ್ಲಿ ಉಳಿಯಿತು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೂ ಎಷ್ಟೋ ರೈತರು ಯೆಹೂದಿ ವ್ಯಾಪಾರಿಗಳಿಗೇ ದನ ಮಾರುತ್ತಿದ್ದರೆಂದು ಪಕ್ಷದವರು ದೂರುತ್ತಿದ್ದರು. ಇದನ್ನು ಸ್ನೇಹವೆಂದು ಬರೆದುಕೊಳ್ಳಲು ನಮಗೆ ಮನಸ್ಸಾಗುತ್ತದೆ. ಆದರೆ ಒಳ್ಳೆಯ ಬೆಲೆ ಬೇರೆ, ನೆರೆಯವನ ಪರವಾಗಿ ನಿಲ್ಲುವುದು ಬೇರೆ. 1938ರಲ್ಲಿ ಆ ವ್ಯಾಪಾರವೆಲ್ಲ ಬಂದಾಯಿತು. ನವೆಂಬರಿನಲ್ಲಿ ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ತಡೆದವರು ಬಹಳ ಕಡಿಮೆ.

1941-42ರಲ್ಲಿ ಉಳಿದವರನ್ನು ರೈಲಿನಲ್ಲಿ ಪೂರ್ವಕ್ಕೆ ಸಾಗಿಸಿದರು. ಹೆಚ್ಚಿನವರು ತಿರುಗಿ ಬರಲಿಲ್ಲ. ಅವರ ಮನೆಯ ಕಪಾಟು, ಹಾಸಿಗೆ, ಪಾತ್ರೆಗಳನ್ನು ಸರಕಾರ ಲಿಲಾವು ಮಾಡಿತು. ಕೊಂಡವರು ನೆರೆಹೊರೆಯವರು. ಅವರಲ್ಲಿ ಎಷ್ಟೋ ಜನ ಯಾರನ್ನೂ ಬೈದವರಲ್ಲ, ಹೊಡೆದವರಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು. ಸವಾಲು ಕೂಗುವಾಗ ಅದು ಯಾರ ಮನೆಯ ಕಪಾಟೆಂದು ಅವರಿಗೆ ಗೊತ್ತಿತ್ತು.