ಲಕ್ಕಮ್ಮನ ಲೆಕ್ಕ

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಬೆಂಗಳೂರಿನಿಂದ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತಮ್ಮ ಊರುಗಳಿಗೆ ಬಂದವರಲ್ಲಿ ಕೆಲವರು ತಿರುಗಿ ಹೋಗಲಿಲ್ಲ. ಕಂಪನಿ ಕೆಲಸ ಬಿಟ್ಟು, ತಮ್ಮದೇ ಸಾಫ್ಟ್‌ವೇರ್ ಬರೆದು ಮಾರುತ್ತ ಇಲ್ಲೇ ನಿಂತರು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಗಿರಾಕಿಯನ್ನು ಕಂಡು, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಮದ್ದೂರಿನ ಮನೆಯಲ್ಲಿರಬಹುದು. ಬದುಕು ಹಗುರಾಗಿದೆ. ಆದರೂ ಒಂದು ಪ್ರಶ್ನೆ ಇವರನ್ನು ಬಿಡದು: ಇಷ್ಟಕ್ಕೇ ತೃಪ್ತಿಪಟ್ಟುಕೊಂಡರೆ ಸೋತಂತೆಯೇ? ದೊಡ್ಡದು ಮಾಡಲು ಹೊರಟರೆ ಈ ಬದುಕು ಉಳಿದೀತೇ?

ಬಂಡವಾಳ ಹೂಡುವವರ ವಲಯದಲ್ಲಿ ಇಂಥ ಉದ್ಯಮಕ್ಕೆ ‘ಲೈಫ್‌ಸ್ಟೈಲ್ ಬಿಸಿನೆಸ್’ ಎಂದು ಹೆಸರು. ಹೆಸರಿನಲ್ಲೇ ಸ್ವಲ್ಪ ತಾತ್ಸಾರವಿದೆ, ಆರಾಮ ಬಯಸುವವರಿಗೆ ಹಂಬಲ ಕಡಿಮೆ ಎಂಬಂತೆ. ಬದುಕು ಒಂದು ತಟ್ಟೆಯಲ್ಲಿ, ಹಂಬಲ ಇನ್ನೊಂದರಲ್ಲಿ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂದು ಹೀಗೆ ತಕ್ಕಡಿ ಹಿಡಿಯುವುದೇ ತಪ್ಪು ಎಂದು ನನ್ನ ನಂಬಿಕೆ. ಅದನ್ನು ತಿಳಿಯಲು ಶರಣರ ಕಾಯಕ ತತ್ತ್ವದಷ್ಟು ನೆರವಾಗುವ ವಿಚಾರ ನನಗೆ ಬೇರೆಡೆ ಸಿಕ್ಕಿಲ್ಲ.

ಕಾಯಕವೆಂದರೆ ಮೈಮುರಿದು ದುಡಿಯುವುದು ಎಂದಷ್ಟೇ ನಾವು ಭಾಷಣಗಳಲ್ಲಿ ಕೇಳಿದ್ದೇವೆ. ಅದರ ಅರ್ಧಭಾಗ ಹೀಗೆ ಮರೆತೇಹೋಗಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಇದ್ದರು, ಇಬ್ಬರೂ ವಚನಕಾರರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಅಂಗಳದಲ್ಲಿ ಹೆಚ್ಚು ಅಕ್ಕಿ ಬಿದ್ದಿತ್ತು, ಆತ ಹೆಚ್ಚೇ ತಂದ. ಲಕ್ಕಮ್ಮ ನೋಡಿದಳು. ನಿತ್ಯಕ್ಕಿಂತ ಜಾಸ್ತಿಯಾದದ್ದು ನಮಗೆ ಸಲ್ಲದು, ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು ಎನ್ನುತ್ತದೆ ಕಥೆ.

ಇದನ್ನು ಬರೀ ಅಲ್ಪತೃಪ್ತಿಯ ಪಾಠವಾಗಿ ಓದಿದರೆ ಲಕ್ಕಮ್ಮನಿಗೆ ಅನ್ಯಾಯವಾಗುತ್ತದೆ. ಇದೇ ದಂಪತಿ ಆ ಆಯ್ದ ಅಕ್ಕಿಯಲ್ಲೇ ಕಲ್ಯಾಣದ ಲಕ್ಷಕ್ಕೂ ಮಿಕ್ಕ ಜಂಗಮರಿಗೆ ಊಟವಿಕ್ಕಿದರು ಎಂದೂ ಪರಂಪರೆ ಹೇಳುತ್ತದೆ. ಪವಾಡದ ಭಾಗವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ತತ್ತ್ವದ ಮಾತು ಸ್ಪಷ್ಟವಾಗಿದೆ: ಅವರು ಮಿತಿ ಹಾಕಿದ್ದು ತಾವು ಮನೆಗೆ ತರುವ ಅಕ್ಕಿಗೆ. ದಾಸೋಹದ ಹಂಬಲಕ್ಕೆ ಮಿತಿಯೇ ಇರಲಿಲ್ಲ.

ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ನ ಮೊದಲ ಭಾಗದಲ್ಲಿ ಬೇರೆ ದಾರಿಯಿಂದ ಇದರ ಹತ್ತಿರ ಬರುತ್ತಾನೆ. ಮನೆ ನಡೆಸಲು ಮಾಡುವ ಸಂಪಾದನೆಗೆ ಸಹಜವಾದ ಮಿತಿಯಿದೆ. ಹಣಕ್ಕಾಗಿ ಹಣ ಮಾಡುವ ವಿದ್ಯೆಗೆ ಅದಿಲ್ಲ. ಬದುಕುಳಿಯುವ ಚಿಂತೆಯಲ್ಲಿ ಮುಳುಗಿ ಚೆನ್ನಾಗಿ ಬಾಳುವುದನ್ನು ಮರೆತವರು ಈ ಎರಡನ್ನೂ ಒಂದೆಂದು ತಿಳಿಯುತ್ತಾರೆ ಎನ್ನುತ್ತಾನೆ.

ಈಗ ಮದ್ದೂರಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಗಂಡ ಮಳವಳ್ಳಿಯಲ್ಲಿ ಮೇಷ್ಟ್ರು. ಈಕೆ ಅಕ್ಕಿ ಗಿರಣಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಾಳೆ. ಭತ್ತದ ಲಾರಿ ವೇಬ್ರಿಡ್ಜ್ ಮೇಲೆ ನಿಂತಾಗಿನ ತೂಕ, ಖಾಲಿ ಲಾರಿಯ ತೂಕ, ತೇವಾಂಶಕ್ಕೆ ಕಳೆಯುವ ಕೆಜಿ, ಮೂಟೆಗಿಷ್ಟು ಎಂದು ಹಮಾಲಿ, ಕೊನೆಗೆ ಅಕ್ಕಿ, ನುಚ್ಚು, ತೌಡು ಎಷ್ಟೆಷ್ಟು ಬಂತು ಎಂಬ ಲೆಕ್ಕ. ಸುಗ್ಗಿಯಲ್ಲಿ ರಾತ್ರಿ ಹತ್ತು ಗಂಟೆಗೂ ಫೋನ್: “ಮೇಡಂ, ಚೀಟಿ ಪ್ರಿಂಟ್ ಆಗ್ತಿಲ್ಲ, ಲಾರಿಗಳು ಸಾಲುಗಟ್ಟಿ ನಿಂತವೆ.” ನಲವತ್ತು ಗಿರಣಿಗಳಿಂದ ಸಂಸಾರ ನಡೆದು ಒಂದಿಷ್ಟು ಉಳಿಯುತ್ತದೆ. ಆಗ ಹೂಡಿಕೆದಾರರೊಬ್ಬರು ಬಂದು, ದುಡ್ಡು ಕೊಡುತ್ತೇವೆ, ದಕ್ಷಿಣ ಭಾರತದ ಗಿರಣಿಗಳನ್ನೆಲ್ಲ ಹಿಡಿಯಿರಿ ಎನ್ನುತ್ತಾರೆ.

ಇಲ್ಲಿ ಆ ದುಡ್ಡಿನ ಸ್ವಭಾವ ತಿಳಿದಿರಬೇಕು. ವೆಂಚರ್ ಕ್ಯಾಪಿಟಲ್ ನಿಧಿಗಳು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನ ಅವಧಿಯವು. ಹೂಡಿದ ಕಂಪನಿಗಳಲ್ಲಿ ಬಹುಪಾಲು ನೆಲಕಚ್ಚುತ್ತವೆ ಎಂದು ಗೊತ್ತಿದ್ದೇ ಹೂಡುತ್ತಾರೆ. ಗೆದ್ದ ಒಂದೆರಡು ಉಳಿದವುಗಳ ನಷ್ಟವನ್ನೂ ತುಂಬಿಕೊಡಬೇಕು. ಆದ್ದರಿಂದ ವರ್ಷವರ್ಷ ಹದವಾಗಿ ಲಾಭ ಮಾಡುವ ಗಟ್ಟಿ ಕಂಪನಿ ಅವರಿಗೆ ಬೇಕಿಲ್ಲ. ಅವರನ್ನು ದುಷ್ಟರೆನ್ನಬೇಕಾಗಿಲ್ಲ, ಆ ವ್ಯವಹಾರ ಇರುವುದೇ ಹಾಗೆ. ಆದರೆ ಆ ಹಣ ಪಡೆದ ದಿನವೇ ‘ಎಷ್ಟು ಸಾಕು’ ಎಂದು ಹೇಳುವ ಹಕ್ಕು ಕೈಬಿಟ್ಟಂತೆ. ಈಕೆ ಯೋಚಿಸಬೇಕಾದ್ದು ಇದನ್ನು. ಹೊರಗಿನ ದುಡ್ಡು ಬೇಡವೆಂದವರೆಲ್ಲ ಸಣ್ಣವರಾಗಿಯೇ ಉಳಿಯುತ್ತಾರೆ ಎಂದೂ ಇಲ್ಲ: 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜೆರೋಧಾ ಯಾವ ಹೂಡಿಕೆದಾರರ ಹಣವನ್ನೂ ಪಡೆಯದೆ ದೇಶದ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾಯಿತು. ಅಮೆರಿಕದಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದ ಮಂಡ್ಯದ ಮಧುಚಂದನ್ ಊರಿಗೆ ಮರಳಿ 2015ರಲ್ಲಿ ‘ಆರ್ಗ್ಯಾನಿಕ್ ಮಂಡ್ಯ’ ಕಟ್ಟಿದರು. ಅವರ ಹಂಬಲ ಕುಗ್ಗಿತೆಂದು ಯಾರು ಹೇಳಿಯಾರು? ರೈತರ ಬೆಳೆಗೆ ಬೆಲೆ ಸಿಗಬೇಕು ಎಂಬ ಕಡೆಗೆ ಅದು ತಿರುಗಿತು, ಅಷ್ಟೆ.

ಒಂದು ಗಟ್ಟಿಯಾದ ಆಕ್ಷೇಪವಿದೆ. ಮಾರಯ್ಯನಿಗೆ ನಾಳೆಯೂ ಮಹಾಮನೆಯ ಅಂಗಳವಿತ್ತು. ಒಬ್ಬಂಟಿ ಉದ್ಯಮಿಗೆ ಎಲ್ಲಿದೆ? ಎರಡು ಗಿರಣಿ ಮುಚ್ಚಿದರೆ, ತಾನೇ ಒಂದು ತಿಂಗಳು ಹಾಸಿಗೆ ಹಿಡಿದರೆ? 2015ರಲ್ಲಿ ಇದೇ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲದಲ್ಲಿ ಸಿಲುಕಿ ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡದ್ದನ್ನು ಕಂಡ ನಾವು, ನಾಳೆಗೆ ಕೂಡಿಡಬೇಡ ಎಂಬ ಮಾತನ್ನು ಯಾರಿಗೂ ಸಲೀಸಾಗಿ ಹೇಳಲಾರೆವು. ಶರಣರ ನಿಷ್ಠುರ ನಿಲುವು ಕೂಡಿಡುವುದನ್ನು ಒಪ್ಪದಿರಬಹುದು. ನಾನು ಮಾತ್ರ ಒಂದು ವರ್ಷದ ಮನೆಖರ್ಚನ್ನು ತೆಗೆದಿಡುವುದನ್ನು ದುರಾಸೆ ಎನ್ನಲಾರೆ. ಬೇಡವೆನ್ನುವ ಧೈರ್ಯ ಬರುವುದೇ ಅದರಿಂದ. ಕೈ ಬರಿದಾದವನು ಬಂದ ಕರಾರಿಗೆಲ್ಲ ಸಹಿ ಹಾಕುತ್ತಾನೆ.

ಮಿತಿಯನ್ನು ಒಬ್ಬರೇ ಹಾಕಿಕೊಳ್ಳುವುದೂ ಕಷ್ಟ. ಮಾರಯ್ಯನಿಗೆ ಹೆಚ್ಚಾದ ಅಕ್ಕಿ ಕಾಣಲಿಲ್ಲ, ಅವನ ಕೈಯಲ್ಲೇ ಇದ್ದರೂ. ಕಂಡದ್ದು ಅದರಲ್ಲಿ ಅಡುಗೆ ಮಾಡಬೇಕಾದವಳಿಗೆ. ಮದ್ದೂರಿನ ಈ ಮನೆಯಲ್ಲಿ ಆ ಜಾಗ ಮೇಷ್ಟ್ರದ್ದು. ಎಷ್ಟು ಗಿರಣಿ, ಯಾವ ಹೊತ್ತಿನ ನಂತರ ಫೋನ್ ಎತ್ತಬಾರದು, ಯಾವಾಗ ಇನ್ನೊಬ್ಬರನ್ನು ಕೆಲಸಕ್ಕಿಟ್ಟುಕೊಳ್ಳಬೇಕು ಎಂಬುದನ್ನು ಸುಗ್ಗಿ ಶುರುವಾಗುವ ಮುನ್ನವೇ ಇಬ್ಬರೂ ಕೂತು ಬರೆದಿಡುವುದು ಒಳ್ಳೆಯದು. ಲಾರಿ ನಿಂತ ಮೇಲೆ ಯಾವ ಮಿತಿಯೂ ನೆನಪಾಗದು.

ಲಕ್ಕಮ್ಮನದು ಒಂದೇ ಮುಖದ ಕಟ್ಟುನಿಟ್ಟಲ್ಲ. ಮಾರಯ್ಯ ಅನುಭವ ಗೋಷ್ಠಿಯ ಮಾತಿನಲ್ಲಿ ಮೈಮರೆತು ಕೆಲಸ ಬಿಟ್ಟು ಕೂತಾಗ, ಕಾಯಕ ನಿಂತುಹೋಯಿತೆಂದು ಎಚ್ಚರಿಸಿ ಅವನನ್ನು ಎಬ್ಬಿಸಿ ಕಳಿಸಿದವಳೂ ಅವಳೇ.