ಒಲೆ ಹೊತ್ತಿಸಿದ ಪ್ರಭು



ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯವನ್ನು ಇಂದು ಮನೆಯವರೆಲ್ಲ ಕುಳಿತು ಒಮ್ಮೆ ಓದಿರಿ. ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರು ಬೆಳಗಿನ ಹೊತ್ತಿಗೆ ದಡಕ್ಕೆ ಬರುತ್ತಾರೆ. ಅಲ್ಲಿ ಕೆಂಡದ ಬೆಂಕಿ ಆಗಲೇ ಸಿದ್ಧವಾಗಿದೆ. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಆ ಬೆಂಕಿಯನ್ನು ಸಿದ್ಧಮಾಡಿ ಕಾದಿದ್ದವರು ಯಾರು? ಮರಣವನ್ನು ಗೆದ್ದು ಎದ್ದುಬಂದ ಯೇಸುಸ್ವಾಮಿ! ಹಸಿದವರಿಗಾಗಿ ಒಲೆಯ ಮುಂದೆ ಕೂಡುವುದು ಪುನರುತ್ಥಾನದ ಪ್ರಭುವಿಗೆ ಕೀಳೆನಿಸಲಿಲ್ಲ. ಹಾಗಾದರೆ ನಮ್ಮ ಮನೆಗಳಲ್ಲಿ ಒಲೆ ಎಂದರೆ ಅದು ಹೆಣ್ಣುಮಕ್ಕಳ ಪಾಡು ಎಂದು ನಾವು ಕೈತೊಳೆದುಕೊಳ್ಳುವುದು ಹೇಗೆ?

ಹೊಗೆ ಯಾರ ಪಾಲು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದು ಗ್ಯಾಸ್ ಇಲ್ಲದ ಮನೆ ಕಡಿಮೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂದಿದೆ. ಆದರೂ ಕಟ್ಟಿಗೆಯ ಒಲೆ ಆರಿಲ್ಲ. ಸಿಲಿಂಡರ್ ತುಂಬಿಸಲು ಕೈಯಲ್ಲಿ ಹಣವಿಲ್ಲದ ತಿಂಗಳು ಅದೇ ಗತಿ. ಹಣವಿದ್ದ ಮನೆಯಲ್ಲಿಯೂ ಜೋಳದ ರೊಟ್ಟಿಗೆ, ಸ್ನಾನದ ನೀರಿಗೆ ಅದೇ ಬೇಕು. ಹತ್ತಿಕಟ್ಟಿಗೆ, ಜಾಲಿಯ ಕೊರಡು, ಕಬ್ಬಿನ ರವದಿ, ಕುಳ್ಳು ಹೀಗೆ ಹೊಲ ಕೊಟ್ಟದ್ದನ್ನು ಒಲೆಗೆ ಇಡುತ್ತೇವೆ. ಊಟ ಎಲ್ಲರ ಪಾಲು. ಹೊಗೆ ಮಾತ್ರ ತಾಯಿಯ ಪಾಲು, ಆಕೆಯ ಸೆರಗು ಹಿಡಿದ ಕೂಸಿನ ಪಾಲು.

ಈ ಹೊಗೆ ಬರೀ ಕಣ್ಣೀರು ತರಿಸುವುದಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ 5 ವರ್ಷದೊಳಗಿನ ಮಕ್ಕಳು. ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಸೃಷ್ಟಿಯ ಮಾಲಿನ್ಯವನ್ನು ಕುರಿತು ಬರೆಯುತ್ತಾ ಅಡುಗೆಮನೆಯ ಹೊಗೆಯನ್ನೂ ಮರೆಯಲಿಲ್ಲ. ಪರಿಸರವೆಂದರೆ ದೂರದ ಕಾಡು, ಸಮುದ್ರ ಮಾತ್ರವಲ್ಲ; ನಿಮ್ಮ ಮನೆಯ ಮಸಿ ಹಿಡಿದ ಜಂತಿಯೂ ಪರಿಸರವೇ.

ಕೊಟ್ಟದ್ದು ಒಲೆ, ಕಲಿಸದೆ ಬಿಟ್ಟದ್ದು ಬಳಕೆ

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಉತ್ತರ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆಂದೇ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ಹೊಗೆಕೊಳವೆಯ ಒಲೆಗೆ 'ಅಸ್ತ್ರ ಒಲೆ' ಎಂದು ಹೆಸರು. ಬೆಂಕಿ ಮುಚ್ಚಿದ ಗೂಡಿನೊಳಗೆ, ಜಾಲರಿಯ ಮೇಲೆ ಉರಿಯುತ್ತದೆ. ಜಾಲರಿಯ ಕೆಳಗಿನಿಂದ ಗಾಳಿ ಏರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಬಿಸಿಗಾಳಿ ಮೊದಲ ಪಾತ್ರೆಗೆ ತಾಗಿ, ಎರಡನೆಯದರ, ಮೂರನೆಯದರ ಕೆಳಗೆ ಹಾದು, ಕೊಳವೆಯಿಂದ ಮನೆಯ ಹೊರಗೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ಕಟ್ಟಿಗೆಯ ಕಾವಿನ ಹತ್ತರಲ್ಲಿ ಒಂದು ಪಾಲಿನಷ್ಟು. ಈ ಒಲೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು.

ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು 1980ರ ದಶಕದಿಂದ 2002ರವರೆಗೆ ನಡೆಸಿ ದೇಶದಾದ್ಯಂತ ಇಂತಹ ಒಲೆಗಳನ್ನು ಹಾಕಿಸಿತು. ಅವುಗಳಲ್ಲಿ ಎಷ್ಟೋ ಒಲೆಗಳು ಬೇಗನೆ ಮೂಲೆ ಸೇರಿದವು. ಕೊಳವೆಯಲ್ಲಿ ಮಸಿ ಕಟ್ಟಿತು, ಹೊಗೆ ಮನೆಯೊಳಕ್ಕೆ ತಿರುಗಿತು, ಜನ ಹಳೆಯ ಕಲ್ಲುಗಳಿಗೆ ಮರಳಿದರು. ಒಲೆ ಕೊಟ್ಟರು, ಅದರೊಡನೆ ಬಾಳುವುದನ್ನು ಕಲಿಸುವವರು ಸಾಲಲಿಲ್ಲ.

ಬಂಧುಗಳೇ, ನಮ್ಮ ವಿಶ್ವಾಸದ ಕಥೆಯೂ ಹೀಗೆಯೇ ಅಲ್ಲವೇ? ಜ್ಞಾನಸ್ನಾನದಲ್ಲಿ ವರವನ್ನು ಪಡೆದೆವು, ದೃಢೀಕರಣದಲ್ಲಿ ಪವಿತ್ರಾತ್ಮರ ಬೆಂಕಿಯನ್ನು ಪಡೆದೆವು. ಪಡೆದದ್ದನ್ನು ಬಳಸಲು ಕಲಿತೆವೇ?

ಹೊಸ ಒಲೆ ಕಲಿಸುವ ಪಾಠ

ಮಣ್ಣಿನ ಹೊಸ ಒಲೆಯನ್ನು ಕಟ್ಟಿದ ದಿನವೇ ಜೋರಾಗಿ ಉರಿಸಿದರೆ ಬಿರುಕು ಬಿಡುತ್ತದೆ. ಅದು ಒಣಗುವವರೆಗೆ ಕಾಯಬೇಕು. ಆಮೇಲೂ ಮೊದಲು ಸಣ್ಣ ಉರಿ. ಹೊಸದಾಗಿ ಮದುವೆಯಾಗಿ ಬಂದ ಮಗಳ ವಿಷಯದಲ್ಲೂ ಕುಡಿತ ಬಿಟ್ಟು ಹೊಸ ಬಾಳಿಗೆ ಬಂದವನ ವಿಷಯದಲ್ಲೂ ನಮಗೆ ಇಷ್ಟು ತಾಳ್ಮೆ ಇರಲಿ.

ಕಟ್ಟಿಗೆಯನ್ನು ಒಣಗಿಸಿ, ಸಣ್ಣಗೆ ಸೀಳಿ, ಸ್ವಲ್ಪ ಸ್ವಲ್ಪವಾಗಿ ಇಡಬೇಕು. ಹಸಿಯ ಕೊರಡನ್ನು ಗೂಡಿನ ತುಂಬ ತುರುಕಿದರೆ ಗಾಳಿಗೆ ದಾರಿಯಿಲ್ಲದೆ ಹೊಗೆಯೇ ಹೆಚ್ಚು. ವರ್ಷಕ್ಕೊಮ್ಮೆ ಹಬ್ಬದಲ್ಲಿ ದೊಡ್ಡ ಭಕ್ತಿ ತೋರಿಸಿ ಉಳಿದ ದಿನ ಪ್ರಾರ್ಥನೆ ಮರೆಯುವವರು ಇದನ್ನು ಯೋಚಿಸಲಿ. ದಿನದ ಒಂದು ಜಪಸರ ಸಣ್ಣ ಕಟ್ಟಿಗೆಯೇ, ಆದರೆ ಅದು ಉರಿಯುತ್ತದೆ. ಗೋಕಾಕದ ಕರದಂಟು ಮಾಡುವವರನ್ನು ಕೇಳಿರಿ: ಬೆಲ್ಲದ ಪಾಕಕ್ಕೆ ಬೇಕಾದದ್ದು ದೊಡ್ಡ ಉರಿಯಲ್ಲ, ಹದವಾದ ಉರಿ.

ಒಂದು ಕಣ್ಣಿನ ಮೇಲೆ ಪಾತ್ರೆ ಇಡದೆ ತೆರೆದು ಬಿಟ್ಟರೆ ಕಾವೆಲ್ಲ ಅಲ್ಲಿಂದ ಹೋಗುತ್ತದೆ, ಹೊಗೆಯೂ ಅಲ್ಲಿಂದಲೇ ಹೊರಬರುತ್ತದೆ. ಅದಕ್ಕೇ ಮುಂದೆ ಹಂಚು, ಎರಡನೆಯ ಕಣ್ಣಿಗೆ ಬ್ಯಾಳಿ, ಮೂರನೆಯದಕ್ಕೆ ನೀರು. ಒಬ್ಬರಿಗೆ ಮುಗಿದು ಉಳಿದ ಕಾವು ಇನ್ನೊಬ್ಬರ ಹಸಿವಿಗೆ ಒದಗಲಿ ಎಂಬುದೇ ಅಲ್ಲವೇ ಕ್ರೈಸ್ತ ಕುಟುಂಬದ ನಿಯಮ?

"ಯವ್ವಾ, ಈ ಒಲಿ ಮ್ಯಾಲ ರೊಟ್ಟಿ ಉಬ್ಬೂದಿಲ್ಲ" ಎಂದು ಅತ್ತೆ ಹೇಳಿದರೆ ಸೊಸೆ ನಗಬಾರದು, ಮಗನೂ ಗದರಬಾರದು. ಮುಚ್ಚಿದ ಒಲೆಯಲ್ಲಿ ರೊಟ್ಟಿಯನ್ನು ಒರಗಿಸಿ ಸುಡಲು ಬಾಯಿಯ ಕೆಂಡವಿಲ್ಲ. ಆಕೆಯ ಮಾತು ನಿಜ. ಆಕೆಯ ಕೈಗೆ ಗೊತ್ತಿರುವುದನ್ನು ಕೇಳಿ, ಹಂಚಿನ ಮೇಲೆಯೇ ಅರಿವೆಯಿಂದ ಒತ್ತಿ ಬೇಯಿಸುವುದನ್ನು ಇಬ್ಬರೂ ಕೂಡಿ ಕಲಿಯಲಿ. ಗೌರವವಿಲ್ಲದೆ ಕಲಿಸಿದ ಪಾಠ ಯಾರಿಗೂ ಹತ್ತುವುದಿಲ್ಲ.

ಬೂದಿ ಹೊತ್ತ ಯಾಜಕ

ಇನ್ನು ಗಂಡಸರಿಗೆ ಒಂದು ಮಾತು. ಯಾಜಕಕಾಂಡದ 6ನೇ ಅಧ್ಯಾಯವನ್ನು ನೋಡಿರಿ. ಬಲಿಪೀಠದ ಬೆಂಕಿ ಆರದಂತೆ ಪ್ರತಿ ಬೆಳಿಗ್ಗೆ ಕಟ್ಟಿಗೆ ಇಡಬೇಕಾದವನು ಯಾಜಕ. ನಾರುಮಡಿಯನ್ನು ಉಟ್ಟು ಬೂದಿ ತೆಗೆಯುವವನೂ ಅವನೇ. ಆಮೇಲೆ ಬಟ್ಟೆ ಬದಲಿಸಿ ಆ ಬೂದಿಯನ್ನು ಪಾಳೆಯದ ಹೊರಗೆ ಹೊತ್ತೊಯ್ಯುವವನೂ ಅವನೇ. ಅದನ್ನು ಆಳಿನ ಕೆಲಸವೆಂದು ದೇವರು ಬಿಡಲಿಲ್ಲ. ಆರಾಧನೆಯ ಭಾಗವಾಗಿ ಮಾಡಿದರು.

ಮನೆಯ ಯಜಮಾನನೇ, ನಿನ್ನ ಮನೆಯೂ ಒಂದು ಪುಟ್ಟ ಧರ್ಮಸಭೆ. ಜಾಲರಿಯ ಕೆಳಗಿನ ಬೂದಿ ತೆಗೆಯುವುದು, ಕಟ್ಟಿಗೆ ಸೀಳುವುದು, ತಿಂಗಳಿಗೊಮ್ಮೆಯಾದರೂ ಕೊಳವೆಯ ಮಸಿ ಉದುರಿಸುವುದು ನಿನ್ನ ಸೇವೆಯಾಗಲಿ. ಬೂದಿ ತುಂಬಿದ ಒಲೆಗೆ ಉಸಿರಿಲ್ಲ. ಪಾಪನಿವೇದನೆಯನ್ನು ಮುಂದೂಡುತ್ತಲೇ ಇರುವ ಅಂತರಾತ್ಮಕ್ಕೂ ಉಸಿರಿಲ್ಲ. ಹೆಂಡತಿಯ ಕೆಮ್ಮು ಕೇಳಿಯೂ ಜಗಲಿಯ ಮೇಲೆ ಕುಳಿತು ಚಹಾ ಬರಲೆಂದು ಕಾಯುವವನು ತಪಸ್ಸುಕಾಲದಲ್ಲಿ ಮಾಂಸ ಬಿಟ್ಟರೆ ಸಾಕೇ?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಮನೆಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿದೆ. ನೀರಿನಲ್ಲಿ ನಿಂತ ಮಣ್ಣಿನ ಒಲೆ ಕರಗಿಹೋಗುತ್ತದೆ. ಕೆಸರು ತೆಗೆದು ಅದನ್ನು ಮತ್ತೆ ಕಟ್ಟಿ ಹೊತ್ತಿಸಿದಾಗಲೇ ಅದು ಮನೆ ಎನಿಸುವುದು. ಒಲೆ ಉರಿದರೆ ಬದುಕು ಉಂಟು. ಆ ಬದುಕು ಯಾರ ಉಸಿರನ್ನೂ ಸುಡದಿರಲಿ.

ಈ ವಾರದ ಸಂಕಲ್ಪ: ಮನೆಯ ಗಂಡಸರು, ಗಂಡುಮಕ್ಕಳು ಒಂದು ಹೊತ್ತಿನ ಅಡುಗೆ ಮುಗಿಯುವವರೆಗೆ ಒಲೆಯ ಮುಂದೆ ಕುಳಿತುಕೊಳ್ಳಿ. ಹೊಗೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಿ. ಆಮೇಲೆ ಏನು ಮಾಡಬೇಕೆಂದು ಎಲ್ಲರೂ ಕೂಡಿ ಮಾತಾಡಿ.

ಪ್ರಾರ್ಥನೆ: ದಡದಲ್ಲಿ ಬೆಂಕಿ ಹೊತ್ತಿಸಿ ಹಸಿದವರಿಗೆ ಉಣಬಡಿಸಿದ ಪ್ರಭುವೇ, ನಮ್ಮ ಮನೆಯ ಒಲೆಯ ಬಳಿಗೂ ಬನ್ನಿ. ನಮಗಾಗಿ ಬೇಯುವವರ ಕಣ್ಣೀರನ್ನು ಕಾಣುವ ಕಣ್ಣು ಕೊಡಿ, ಬೂದಿ ಹೊರುವ ದೀನತೆ ಕೊಡಿ. ಆಮೆನ್.