ಮುಖ ತಿರುಗಿಸಿದ ಮೊಲ

ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಗೆ ಹೋದವರೆಲ್ಲ ಒಂದು ಹಿಡಿ ಪುರಿ ಎಸೆಯುತ್ತಾರೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಪುರಿ ಬಿದ್ದೊಡನೆ ಹಿರಿಹಿರಿಯ ಮೀನುಗಳು ಒಂದರ ಮೇಲೊಂದು ಮುಗಿಬೀಳುತ್ತವೆ. ಉಣಿಸುವವನಿಗೂ ಅದೊಂದು ಸಂತೋಷ. ಆದರೆ ನೀಡಿದ್ದನ್ನು ಮೂಸಿಯೂ ನೋಡದೆ ಮುಖ ತಿರುಗಿಸುವ ಜೀವಿಯ ಮುಂದೆ ನಮ್ಮ ದಯೆ ಏನು ಮಾಡಬೇಕು?

ಈ ಪ್ರಶ್ನೆಯನ್ನು ನಮ್ಮ ಮನೆಗೆ ತಂದದ್ದು ಮಗಳು ಸಾಕಿದ ಹೆಣ್ಣು ಮೊಲ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚೆಂದು ಪಶುವೈದ್ಯರು ತಿಳಿಸಿದ್ದರಿಂದ ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮನೆಗೆ ಬಂದ ಮೊಲ ಮೂಲೆ ಹಿಡಿದು ಕುಳಿತಿತು. ಹುಲ್ಲೂ ಬೇಡ, ಕೊತ್ತಂಬರಿ ಸೊಪ್ಪೂ ಬೇಡ. “ಅಪ್ಪಾ, ಅದಕ್ಕೆ ಬೇಡ ಅಂದರೆ ಬಿಟ್ಟುಬಿಡಿ, ಬಲವಂತ ಮಾಡಬೇಡಿ” ಎಂದಳು ಮಗಳು. ಅವಳ ಮಾತಿನಲ್ಲಿ ಕರುಣೆಯಿತ್ತು. ಆದರೂ ಅದನ್ನು ಒಪ್ಪುವಂತಿರಲಿಲ್ಲ.

ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಅದಕ್ಕೆ ವಾಂತಿ ಮಾಡಲು ಬಾರದು. ಹೀಗಾಗಿ ಮನುಷ್ಯರಂತೆ ಅದನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಬಹುಹೊತ್ತು ಉಪವಾಸವಿಡುವ ಅಗತ್ಯವಿಲ್ಲ. ಅರ್ಧ ದಿನ ಮೇವು ಮುಟ್ಟದಿದ್ದರೆ ಅಪಾಯ: ಕರುಳಿನ ಚಲನೆ ಕುಂದಿ, ಗಾಳಿ ತುಂಬಿ, ನೋವು ಹೆಚ್ಚಿ, ಹಸಿವು ಮತ್ತಷ್ಟು ಇಂಗುತ್ತದೆ. ಬೇಟೆಗೆ ಈಡಾಗುವ ಪ್ರಾಣಿಯಾದ್ದರಿಂದ ನೋವನ್ನು ಅಡಗಿಸಿಕೊಳ್ಳುವುದು ಅದರ ಸ್ವಭಾವ. ಮಗಳು ಮೊಲದ ಇಚ್ಛೆಯೆಂದು ತಿಳಿದದ್ದು ಅದರ ನೋವಾಗಿತ್ತು.

ಆದ್ದರಿಂದ ಮೊದಲು ವೈದ್ಯರು ತೂಕ ನೋಡಿ ಬರೆದುಕೊಟ್ಟ ನೋವಿನ ಔಷಧ. ಬೆಚ್ಚನೆಯ, ಸದ್ದಿಲ್ಲದ ಜಾಗ. ಬಳಿಕ ಅವರ ಒಪ್ಪಿಗೆ ಪಡೆದು, ಒಣಹುಲ್ಲಿನ ಪುಡಿಯ ತೆಳುವಾದ ಗಂಜಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ, ಬಾಯಿಯ ಪಕ್ಕದಿಂದ, ನುಂಗಲು ಬಿಡುವು ಕೊಡುತ್ತ ಸ್ವಲ್ಪಸ್ವಲ್ಪವಾಗಿ ಕುಡಿಸಿದೆವು. ಹೊಟ್ಟೆ ಉಬ್ಬಿ ಬಿಗಿದಿದ್ದರೆ ಇದೇ ಗಂಜಿ ಪ್ರಾಣಕ್ಕೆ ಎರವಾಗಬಹುದು. ಆಗ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಮರುದಿನ ಬೆಳಿಗ್ಗೆ ನಾಲ್ಕು ಹಿಕ್ಕೆ ಕಂಡಾಗ ಮನೆಮಂದಿಗೆಲ್ಲ ನೆಮ್ಮದಿಯಾಯಿತು.

ಹಾಗಾದರೆ ಬಲವಂತ ಸರಿಯೇ? ಮೂಕ ಜೀವಿಯ ಒಪ್ಪಿಗೆ ಕೇಳದೆಯೇ ಅದರ ಒಳಿತಿಗೆಂದು ನಾವು ಅದನ್ನು ಕತ್ತಿಗೆ ಒಡ್ಡಿದೆವು. ಆ ಗಾಯಕ್ಕೆ ಕಾರಣರಾದವರು ಹಸಿವು ಮರಳುವವರೆಗೆ ಅದರ ಹೊಣೆಯನ್ನು ಹೊರಲೇಬೇಕು. ಆದರೆ ಆ ಹಕ್ಕಿಗೆ ಮಿತಿಯಿದೆ. ಉಣಿಸುವ ಕೈ ತಾನು ಬೇಡವಾಗುವ ದಿನವನ್ನೇ ಎದುರುನೋಡುತ್ತಿರಬೇಕು. ಮೂರನೆಯ ದಿನ ಮೊಲ ತಾನಾಗಿಯೇ ಒಂದು ಹುಲ್ಲಿನೆಸಳನ್ನು ಎಳೆದುಕೊಂಡಾಗ ಮಗಳು ಸಿರಿಂಜನ್ನು ಪಕ್ಕಕ್ಕಿಟ್ಟಳು.

ನಮ್ಮ ಮನೆಗಳಲ್ಲಿ ತಟ್ಟೆಯನ್ನು ಸರಿಸಿ “ಹಸಿವಿಲ್ಲ” ಎನ್ನುವ ಹಿರಿಯರಿದ್ದಾರೆ. ಕೆಲವೊಮ್ಮೆ ಗದರುತ್ತೇವೆ, ಕೆಲವೊಮ್ಮೆ “ಅವರಿಷ್ಟ” ಎಂದು ತಟ್ಟೆ ಎತ್ತುತ್ತೇವೆ. ಮೊಲದ ನೋವನ್ನು ನಾವು ಊಹಿಸಬೇಕಾಯಿತು. ಹಿರಿಯರಿಗೆ ಮಾತಿದೆ, ಪಕ್ಕದಲ್ಲಿ ಕುಳಿತು “ಎಲ್ಲಿ ನೋಯುತ್ತಿದೆ?” ಎಂದು ಕೇಳಬಹುದಲ್ಲವೇ?